ವಯಸ್ಸಾದ ಕುದುರೆ ಸೊರಗ್ತಿದೆಯಾ? ಮೊದ್ಲು ಬಾಯಿ ತೆಗ್ಸಿ ನೋಡಿ

ಪ್ರಾಣಿ ಸಾಕೋರ ಪ್ರಶ್ನೆ, ಡಾಕ್ಟ್ರ ಉತ್ತರ

ಈ ಕಾಲಂಗೆ ಬರೋ ಪತ್ರಗಳಲ್ಲಿ ಬಹುಪಾಲು ಹಸು, ಎಮ್ಮೆ, ನಾಯಿ ಬಗ್ಗೇನೇ ಇರುತ್ತೆ. ಈ ಸಲ ಮೈಸೂರು, ಮಂಡ್ಯ ಕಡೆಯಿಂದ ಕುದುರೆ ಬಗ್ಗೆ ಬಂದಿರೋದನ್ನೆಲ್ಲ ಒಟ್ಟಿಗೆ ತಗೊಂಡಿದೀನಿ, ಯಾಕಂದ್ರೆ ಎಲ್ಲರ ಕಷ್ಟಾನೂ ಹೆಚ್ಚುಕಮ್ಮಿ ಒಂದೇ: ಕುದುರೆಗೆ ವಯಸ್ಸಾಗಿದೆ, ಮೈ ಇಳೀತಿದೆ, ಏನ್ ತಿನ್ನಿಸೋದು ಅಂತ.

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಮ್ಮಪ್ಪ ಜಟಕಾ ಹೊಡೀತಿದ್ರು, ಅವರು ತೀರ್ಕೊಂಡ ಮೇಲೆ ಗಾಡಿ ಮಾರಿದ್ವಿ, ಕುದುರೆ ಮಾರೋಕೆ ಮನಸು ಬರ್ಲಿಲ್ಲ, ಮನೇಲೇ ಐತೆ. ಹೆಣ್ಗುದುರೆ, 22-23 ವರ್ಷ ಆಗಿರ್ಬೋದು. ದೀಪಾವಳಿ ಆದಾಗಿಂದ ಸೊರಗ್ತಾನೇ ಐತೆ, ಪಕ್ಕೆ ಎಣಿಸ್ಬೋದು, ಬೆನ್ನುಮೂಳೆ ಎದ್ದು ಕಾಣ್ತದೆ. ತಿನ್ನೋದು ಬಿಟ್ಟಿಲ್ಲ, ದಿನಾ ಪೂರ್ತಿ ಅಗೀತಾನೇ ಇರ್ತದೆ. ದಿನಕ್ಕೆ ಮೂರು ಕೆಜಿ ಹುರುಳಿ ನೆನೆಸಿ ಬೆಳಿಗ್ಗೆ ಒಂದೇ ಸಲ ಹಾಕ್ತೀನಿ, ಬೂಸಾ ಕೊಡ್ತೀನಿ, ಭತ್ತದ ಹುಲ್ಲು, ಕಬ್ಬಿನ ಸೋಗೆ ಎಷ್ಟು ಬೇಕೋ ಅಷ್ಟು ಐತೆ. ಗೋದಲಿ ಕೆಳಗೆ ಹುಲ್ಲು ಉಂಡೆ ಉಂಡೆಯಾಗಿ ಉಗುಳಿ ಬಿಟ್ಟಿರ್ತದೆ, ಲದ್ದೀಲಿ ಕಾಳು ಹಂಗಂಗೇ ಬರ್ತಾವೆ. ಹಸುಗೆ ಕೊಡೋ ಹುಳದ ಮಾತ್ರೆ ಹಾಕ್ದೆ, ಟಾನಿಕ್ ಕೊಟ್ಟೆ. ಅಕ್ಕಪಕ್ಕದೋರು ವಯಸ್ಸಾಯ್ತು ಬಿಡು ಅಂತಾರೆ. ಹುರುಳಿ ಇನ್ನೂ ಜಾಸ್ತಿ ಮಾಡ್ಲಾ?
— ಓದುಗರೊಬ್ಬರು, ಶ್ರೀರಂಗಪಟ್ಟಣ

ಉತ್ತರ: ಜಾಸ್ತಿ ಮಾಡ್ಬೇಡಿ ಅಣ್ಣ, ಕಮ್ಮಿ ಮಾಡಿ. ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ಹುಲ್ಲು ಉಂಡೆ ಕಟ್ಟಿ ಉಗುಳ್ತಿದೆ, ಕಾಳು ಲದ್ದೀಲಿ ಹಂಗೇ ಬರ್ತಿದೆ ಅಂದ್ರೆ ಹಸಿವಿದೆ, ಮೇವಿದೆ, ಅರೆಯೋ ಹಲ್ಲು ಕೈಕೊಟ್ಟಿದೆ. ಅದು ದಿನಾ ಪೂರ್ತಿ ಅಗೀತಿರೋದನ್ನ ನೀವು ಚೆನ್ನಾಗಿ ತಿಂತಿದೆ ಅಂದ್ಕೊಂಡಿದೀರ, ಆದ್ರೆ ಒಳಗೆ ಹೋಗ್ತಿರೋದು ಅದರಲ್ಲಿ ಎಷ್ಟೋ ಕಮ್ಮಿ.

ಕುದುರೆ ಹಲ್ಲು ನಮ್ಮ ಹಲ್ಲಿನ ಥರ ಒಂದ್ಸಲ ಬಂದು ನಿಂತುಬಿಡೋದಲ್ಲ. ದವಡೆ ಹಲ್ಲು ಮೂಳೆ ಒಳಗೆ ಉದ್ದಕ್ಕೆ ಹೂತಿರುತ್ತೆ, ವರ್ಷಕ್ಕೆ 2-3 ಮಿಲಿಮೀಟರ್ ಸವೆಯುತ್ತೆ, ಹೆಚ್ಚುಕಮ್ಮಿ ಅಷ್ಟೇ ಒಳಗಿಂದ ಮೇಲಕ್ಕೆ ಬರುತ್ತೆ, ಇಪ್ಪತ್ತು ದಾಟಿದ್ಮೇಲೆ ಆ ಒಳಗಿನ ದಾಸ್ತಾನು ಮುಗೀತಾ ಬಂದು ಹಲ್ಲು ನುಣ್ಣಗಾಗುತ್ತೆ, ಅಲ್ಲಾಡುತ್ತೆ, ಉದುರುತ್ತೆ. ಇನ್ನೊಂದು, ಮೇಲಿನ ದವಡೆ ಅಗಲ, ಕೆಳಗಿನದು ಕಿರಿದು, ಬೀಸೋಕಲ್ಲು ತಿರುಗಿದಂಗೆ ಅಡ್ಡಡ್ಡ ಅರೆಯುತ್ತೆ, ಹಂಗಾಗಿ ಮೇಲಿನ ಹಲ್ಲುಗಳ ಕೆನ್ನೆ ಕಡೆ ಅಂಚು, ಕೆಳಗಿನವುಗಳ ನಾಲಿಗೆ ಕಡೆ ಅಂಚು ಸವೆಯದೆ ಚೂಪಾಗಿ ಉಳ್ಕೊಂಡು ಬಾಯೊಳಗೆ ಗಾಯ ಮಾಡುತ್ತೆ. ನೋವಿಗೆ ಪೂರ್ತಿ ಅಗಿಯದೆ ಉಗುಳುತ್ತೆ. ಒಂದು ಹಲ್ಲು ಬಿದ್ದುಹೋಗಿದ್ರೆ ಅದರ ಎದುರಿನ ಹಲ್ಲಿಗೆ ಉಜ್ಜೋಕೆ ಜೋಡಿ ಇಲ್ಲದೆ ಉದ್ದ ಬೆಳ್ಕೊಂಡು ಎದುರು ವಸಡಿಗೇ ಚುಚ್ಚುತ್ತೆ. ಬಾಯಿ ಕೆಟ್ಟ ವಾಸನೆ ಇದ್ಯಾ, ಒಂದೇ ಮೂಗಿನ ಹೊಳ್ಳೆಯಿಂದ ಸಿಂಬಳ ಬರ್ತಿದ್ಯಾ, ತಲೆ ಓರೆ ಮಾಡ್ಕೊಂಡು ಅಗಿಯುತ್ತಾ, ಇವನ್ನ ಇವತ್ತೇ ಗಮನಿಸಿ. ಬಾಯೊಳಗೆ ಕೈ ಮಾತ್ರ ಹಾಕ್ಬೇಡಿ, ದವಡೆ ಹಲ್ಲು ಬೆರಳು ತುಂಡು ಮಾಡಿಬಿಡುತ್ತೆ.

ಹಲ್ಲು ನೋಡೋಕೆ ಬಾಯಿ ತೆರೆದು ನಿಲ್ಲಿಸೋ ಕಬ್ಬಿಣದ ಚೌಕಟ್ಟು, ಟಾರ್ಚು, ಮಂಪರು ಇಂಜೆಕ್ಷನ್, ಉದ್ದ ಹಿಡಿ ಇರೋ ಅರ ಎಲ್ಲ ಬೇಕು. ಇವು ಎಲ್ಲ ತಾಲ್ಲೂಕು ಪಶು ಆಸ್ಪತ್ರೇಲೂ ಸಿಗಲ್ಲ, ಅವರನ್ನ ಬೈದು ಪ್ರಯೋಜನ ಇಲ್ಲ, ಅವರು ದಿನಾ ನೋಡೋದು ಹಸು ಎಮ್ಮೆ. ಮೈಸೂರಲ್ಲಿ ರೇಸ್ ಕುದುರೆ, ಸವಾರಿ ಕುದುರೆ ನೋಡೋ ಡಾಕ್ಟ್ರುಗಳಿದ್ದಾರೆ, ನಿಮಗೆ ಅರ್ಧ ಗಂಟೆ ದಾರಿ, ಅವರನ್ನೇ ವಿಚಾರಿಸಿ ಕರೆಸಿ. ಚೂಪಾದ ಅಂಚು ಮಾತ್ರ ಉಜ್ಜಿಸಿ, ಅಲ್ಲಾಡೋ ಹಲ್ಲಿದ್ರೆ ತೆಗೆಸಿ. ಕೆಲವರು ಬಂದು ಎಲ್ಲಾ ಹಲ್ಲೂ ಸಪಾಟಾಗಿ ಉಜ್ಜಿ ಹೊಳೆಯೋ ಹಂಗೆ ಮಾಡ್ಕೊಡ್ತೀವಿ ಅಂತಾರೆ, ಬೇಡ, ಈ ವಯಸ್ಸಲ್ಲಿ ಉಳಿದಿರೋದೇ ಚೂರು, ಅದನ್ನೂ ಉಜ್ಜಿ ಹಾಕಿದ್ರೆ ಮತ್ತೆ ಬೆಳೆಯಲ್ಲ. ಇನ್ಮೇಲೆ ಆರು ತಿಂಗಳಿಗೊಂದ್ಸಲ ತೋರಿಸ್ತಿರಿ.

ಹಂಗಂತ ಹಲ್ಲೊಂದೇ ಅಂತ ತೀರ್ಮಾನ ಮಾಡಿ ಕೂರೋಕಾಗಲ್ಲ. ಅದೇ ಡಾಕ್ಟ್ರಿಗೆ ರಕ್ತ ಪರೀಕ್ಷೆಗೂ ಹೇಳಿ. ನಮ್ಮ ಕಡೆ ಕುದುರೆ ಸೊರಗೋಕೆ ಸರ್ರಾ ಅನ್ನೋ ಕಾಯಿಲೆನೂ ಕಾರಣ ಇರ್ಬೋದು, ಕಚ್ಚೋ ದೊಡ್ಡ ನೊಣಗಳಿಂದ ಹರಡೋ ರಕ್ತದ ಪರಾವಲಂಬಿ ಅದು. ಜ್ವರ ಬಂದು ಹೋಗಿ ಬಂದು ಹೋಗಿ ಆಗುತ್ತೆ, ಹೊಟ್ಟೆ ಕೆಳಗೆ ಕಾಲಲ್ಲಿ ಊತ ಬರುತ್ತೆ, ವಸಡು ಬಿಳಿಚುತ್ತೆ, ಮೇವು ತಿಂತಾನೇ ಕರಗಿ ಹೋಗುತ್ತೆ. ಒಂದು ಥರ್ಮಾಮೀಟರ್ ತಗೊಂಡು ಒಂದು ವಾರ ಬೆಳಿಗ್ಗೆ ಸಂಜೆ ಜ್ವರ ನೋಡಿ ಬರ್ಕೊಳಿ, 37.5 ರಿಂದ 38.5 ಡಿಗ್ರಿ ಸೆಲ್ಸಿಯಸ್ ಒಳಗಿದ್ರೆ ಸರಿ. ಒಂದ್ಸಲ ನೋಡಿ ಜ್ವರ ಇಲ್ಲ ಅಂದ್ಬಿಡ್ಬೇಡಿ. ಮೈಗೆ ಕಚ್ಕೊಳೋ ಉಣ್ಣೆ ಹುಳದಿಂದ ಬರೋ ಬೇಬಿಸಿಯಾ ಅನ್ನೋ ಇನ್ನೊಂದು ರಕ್ತದ ಪರಾವಲಂಬಿನೂ ಅದೇ ಪರೀಕ್ಷೇಲಿ ಗೊತ್ತಾಗುತ್ತೆ. ಹುಳದ ವಿಚಾರ, ಹಸು ಮಾತ್ರೆ ಅಂದಾಜಲ್ಲಿ ಹಾಕೋದು ಬಿಡಿ, ಲದ್ದಿ ಒಂದು ಕವರಲ್ಲಿ ಹಾಕಿ ತಾಜಾ ಇರೋವಾಗಲೇ ಪಶು ಆಸ್ಪತ್ರೆಗೆ ಕೊಟ್ರೆ ಮೊಟ್ಟೆ ಇದೆಯಾ ಅಂತ ನೋಡ್ತಾರೆ, ಇದ್ರೆ ತೂಕ ನೋಡಿ ಕುದುರೆಗೆ ಸರಿಯಾದ ಔಷಧಿ ಬರೆದು ಕೊಡ್ತಾರೆ. ಟಾನಿಕ್ ದುಡ್ಡು ಉಳಿಸಿ ಇದಕ್ಕೆ ಹಾಕಿ.

ಈಗ ಮೇವು. ನಮ್ಮಲ್ಲಿ ಕುದುರೆ ಅಂದ ತಕ್ಷಣ ಹುರುಳಿ ಅಂತ ತಲೇಲಿ ಕೂತಿದೆ, ನಿಜವಾಗ್ಲೂ ಕುದುರೆ ಹೊಟ್ಟೆ ನಡೆಯೋದು ಹುಲ್ಲಿನ ನಾರಿಂದ. ಅದರ ಹೊಟ್ಟೆ ಚೀಲ ಚಿಕ್ಕದು, ದೊಡ್ಡ ಕೆಲಸ ಎಲ್ಲ ಹಿಂದಿನ ದೊಡ್ಡ ಕರುಳಲ್ಲಿ, ಅಲ್ಲಿರೋ ಸೂಕ್ಷ್ಮಜೀವಿಗಳು ನಾರನ್ನ ಕೊಳೆಸಿ ಶಕ್ತಿ ತೆಗೀತವೆ. ಮೂರು ಕೆಜಿ ಕಾಳು ಒಂದೇ ಸಲ ಸುರಿದ್ರೆ ಅರ್ಧಂಬರ್ಧ ಜೀರ್ಣ ಆಗಿ ಆ ಪಿಷ್ಟ ಹಿಂದಕ್ಕೆ ನುಗ್ಗಿ ಹುಳಿ ಹೆಚ್ಚಾಗುತ್ತೆ, ಹೊಟ್ಟೆನೋವು, ಭೇದಿ, ಗೊರಸಿನ ಬಾವು ಎಲ್ಲ ಬರೋದು ಅಲ್ಲಿಂದಲೇ. ಇನ್ನು ಹಸಿ ಹುರುಳೀಲಿ ಪ್ರೋಟೀನ್ ಜೀರ್ಣ ಆಗೋಕೆ ಬಿಡದ ಅಂಶ ಇದೆ, ನೆನೆಸಿದ್ರೆ ಮಾತ್ರ ಸಾಲಲ್ಲ, ಚೆನ್ನಾಗಿ ಬೇಯಿಸ್ಬೇಕು, ನಮ್ಮ ಹಳೇ ಜಟಕಾದೋರು ಬೇಯಿಸಿ ಹಾಕ್ತಿದ್ದಿದ್ದು ಸುಮ್ನೆ ಅಲ್ಲ.

ಭತ್ತದ ಹುಲ್ಲು ಇವತ್ತಿಂದ ಕಮ್ಮಿ ಮಾಡ್ತಾ ಬಂದು ನಿಲ್ಲಿಸಿ. ಸತ್ವ ಇಲ್ಲ, ಸಿಲಿಕಾ ಜಾಸ್ತಿ, ಹಲ್ಲಿಲ್ಲದ ಕುದುರೆ ಉದ್ದುದ್ದ ನುಂಗಿದ್ರೆ ಕರುಳಲ್ಲಿ ಗಡ್ಡೆ ಕಟ್ಟಿ ಕೂರುತ್ತೆ. ಬಲಿತ ಸೋಗೆನೂ ಅಷ್ಟೇ. ಅದರ ಬದಲು ಎಳೇ ಗರಿಕೆ ಹುಲ್ಲು, ಕುದುರೆ ಮೆಂತೆ (ಲೂಸರ್ನ್ ಸೊಪ್ಪು) ಎರಡನ್ನೂ ಮೇವು ಕತ್ತರಿಸೋ ಮಿಷನ್ನಲ್ಲಿ ಒಂದಿಂಚಿಗಿಂತ ಸಣ್ಣಕ್ಕೆ ಕತ್ತರಿಸಿ ಕೊಡಿ. ನಿಮ್ದು 300 ಕೆಜಿ ಆಸುಪಾಸಿನ ಕುದುರೆ ಅಂದ್ಕೊಂಡ್ರೆ ದಿನಕ್ಕೆ ಒಣ ಲೆಕ್ಕದಲ್ಲಿ ಮೈತೂಕದ ಶೇ. 2, ಅಂದ್ರೆ 6 ಕೆಜಿ ಮೇವು ಬೇಕು, ಅದರಲ್ಲಿ ನಾಲ್ಕೂವರೆ ಕೆಜಿ ಆದ್ರೂ ಹುಲ್ಲಿಂದ ಬರ್ಬೇಕು. ಹಸಿ ಹುಲ್ಲಲ್ಲಿ ಮುಕ್ಕಾಲು ಭಾಗಕ್ಕೂ ಮೇಲೆ ನೀರೇ ಇರೋದ್ರಿಂದ ಇದು ತೂಕ ಹಾಕಿದ್ರೆ ಇಪ್ಪತ್ತು ಕೆಜಿ ಮೇಲೇ ಆಗುತ್ತೆ, ನೋಡಿ ಗಾಬರಿ ಆಗ್ಬೇಡಿ. ಹನ್ನೆರಡು ಹದಿಮೂರು ಕೆಜಿ ಗರಿಕೆ, ಎಂಟು ಕೆಜಿ ಕುದುರೆ ಮೆಂತೆ ಅಂತ ಶುರು ಮಾಡಿ. ಕುದುರೆ ಮೆಂತೆಲಿ ಪ್ರೋಟೀನೂ ಇದೆ ಕ್ಯಾಲ್ಸಿಯಮ್ಮೂ ಇದೆ, ಬೂಸಾದಲ್ಲಿ ರಂಜಕ ಜಾಸ್ತಿ ಕ್ಯಾಲ್ಸಿಯಂ ಕಮ್ಮಿ ಇರೋದನ್ನ ಇದು ಸರಿದೂಗಿಸುತ್ತೆ. ಕತ್ತರಿಸಿದ ಹಸಿ ಹುಲ್ಲನ್ನ ಗುಡ್ಡೆ ಹಾಕಿ ಇಡ್ಬೇಡಿ, ಬಿಸಿ ಏರಿ ಹುಳಿ ಬರುತ್ತೆ, ಆಗಾಗ ಕತ್ತರಿಸಿ ಆಗಾಗ ಹಾಕಿ.

ಇದರ ಜೊತೆಗೆ ಗಂಜಿ ಥರ ಒಂದು ಕಲಸು ಮಾಡಿ. ಬೇಯಿಸಿದ ಹುರುಳಿ ಒಣ ತೂಕಕ್ಕೆ ಮುಕ್ಕಾಲು ಕೆಜಿ, ಗೋಧಿ ಬೂಸಾ ಅರ್ಧ ಕೆಜಿ, ಕಡಲೆ ಹೊಟ್ಟು ಸ್ವಲ್ಪ, ಒಂದು ಹಿಡಿ ಕಲ್ಲುಪ್ಪು ಅನ್ನೋರು ಇದಾರೆ, ಬೇಡ, 30 ಗ್ರಾಂ ಉಪ್ಪು ಸಾಕು. ಇದನ್ನ ನೀರಲ್ಲಿ ಚೆನ್ನಾಗಿ ನೆನೆಸಿ ಮೆತ್ತಗೆ ಮಾಡಿ ಮೂರು ನಾಲ್ಕು ಭಾಗ ಮಾಡಿ ದಿನವಿಡೀ ಹಂಚಿ. ಒಣ ಬೂಸಾ ಒಣ ಕಡಲೆ ಹೊಟ್ಟು ಹಂಗೇ ಇಡ್ಬೇಡಿ, ಅಗಿಯದೆ ನುಂಗಿ ಅನ್ನನಾಳದಲ್ಲಿ ಸಿಕ್ಕಾಕ್ಕೊಳುತ್ತೆ. ಹಂಗಾದ್ರೆ ಮೂಗಿಂದ ಮೇವು, ಜೊಲ್ಲು ಎರಡೂ ಸುರಿಯುತ್ತೆ, ಕತ್ತು ಚಾಚಿ ಒದ್ದಾಡುತ್ತೆ, ಆಗ ಮೇವು ನೀರು ಎರಡೂ ತೆಗೆದುಬಿಟ್ಟು ಡಾಕ್ಟ್ರಿಗೆ ಫೋನ್ ಮಾಡಿ, ಗಂಟಲಿಗೆ ಎಣ್ಣೆ ಗಿಣ್ಣೆ ಸುರಿಯೋಕೆ ಹೋಗ್ಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ. ದವಡೆ ಹಲ್ಲು ಪೂರ್ತಿ ಹೋಗಿದ್ರೆ ಕತ್ತರಿಸಿದ ಹುಲ್ಲನ್ನೂ ಉಗುಳುತ್ತೆ, ಆಗ ಒಣಗಿಸಿದ ಕುದುರೆ ಮೆಂತೆ ಪುಡಿ ಇಲ್ಲ ಪೆಲೆಟ್ ತಂದು ನೆನೆಸಿ ಹುಲ್ಲಿನ ಬದಲಿಗೇ ಅದನ್ನ ಕೊಡ್ಬೇಕು. ಅಂಥಾ ಕುದುರೆನೂ ವರ್ಷಗಟ್ಲೆ ಚೆನ್ನಾಗಿ ಇರುತ್ತೆ, ಸಾಕೋರಿಗೆ ಕೆಲಸ ಜಾಸ್ತಿ ಅಷ್ಟೇ.

ಒಂದೇ ದಿನಕ್ಕೆ ಎಲ್ಲ ಬದಲಾಯಿಸ್ಬೇಡಿ. ಕರುಳಲ್ಲಿರೋ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಹೊಂದಿಕೊಳ್ಳೋಕೆ ಹತ್ತರಿಂದ ಹದಿನಾಲ್ಕು ದಿನ ಬೇಕು, ಹಳೇದು ಸ್ವಲ್ಪ ಸ್ವಲ್ಪ ಇಳಿಸಿ ಹೊಸದು ಸ್ವಲ್ಪ ಸ್ವಲ್ಪ ಏರಿಸಿ. ತುಂಬ ಸೊರಗಿರೋ ಕುದುರೆಗೆ ಪಾಪ ಅಂತ ಒಂದೇ ಸಲ ಕಾಳು ಸುರಿದ್ರೆ ರಕ್ತದಲ್ಲಿ ಲವಣಾಂಶ ಏರುಪೇರಾಗಿ ಸತ್ತೇ ಹೋಗ್ಬೋದು. ನೀರು 20-30 ಲೀಟರ್ ಬೇಕು, ಬಕೆಟ್ ದಿನಾ ಉಜ್ಜಿ ತೊಳೀರಿ. ಫಲ ಕಾಣೋಕೆ ಎರಡು ತಿಂಗಳಾದ್ರೂ ಬೇಕು. ವಯಸ್ಸಾಯ್ತು ಬಿಡು ಅನ್ನೋರಿಗೆ ಹೇಳಿ, ವಯಸ್ಸು ಕಾಯಿಲೆ ಅಲ್ಲ, ಮೈ ಕರಗೋಕೆ ಬೇರೇನೋ ಕಾರಣ ಇದ್ದೇ ಇರುತ್ತೆ.

ಪ್ರಶ್ನೆ: ಸಾರ್, ನಾನು ಮೈಸೂರಲ್ಲಿ ಟಾಂಗಾ ಓಡಿಸ್ತೀನಿ, ಅರಮನೆ ಸುತ್ತ ಟೂರಿಸ್ಟ್ ಕರ್ಕೊಂಡು ಹೋಗೋದು. ಗಂಡು ಕುದುರೆ, 18 ವರ್ಷ. ಬೆನ್ನು ಕತ್ತು ಎಲ್ಲ ಸೊರಗಿದೆ ಆದ್ರೆ ಹೊಟ್ಟೆ ದಪ್ಪ ಇದೆ, ಹಂಗಾಗಿ ಸಣ್ಣ ಆಗಿದೆಯೋ ದಪ್ಪ ಆಗಿದೆಯೋ ಗೊತ್ತಾಗ್ತಿಲ್ಲ. ಕೂದಲು ಉದ್ದ ಬಂದು ಉದುರ್ತಾನೇ ಇಲ್ಲ, ಬಿಸಿಲಲ್ಲಿ ನಿಂತ್ರೂ ಬೆವರುತ್ತೆ, ನೀರು ಮೊದಲಿಗಿಂತ ಎರಡರಷ್ಟು ಕುಡಿಯುತ್ತೆ. ಶಕ್ತಿ ಬರ್ಲಿ ಅಂತ ದಿನಾ ಬೆಲ್ಲ ಕೊಡ್ತಿದೀನಿ. ದಸರಾ ಸೀಸನ್ ಮುಂದೆ ಇದೆ, ಏನ್ಮಾಡ್ಲಿ?
— ಓದುಗರೊಬ್ಬರು, ಮೈಸೂರು

ಉತ್ತರ: ಬೆಲ್ಲ ಇವತ್ತೇ ನಿಲ್ಲಿಸಿ, ಮಿಕ್ಕಿದ್ದೆಲ್ಲ ಆಮೇಲೆ. ನೀವು ಹೇಳ್ತಿರೋ ಲಕ್ಷಣ ಎಲ್ಲ ಕೂಡಿಸಿದ್ರೆ ಕುಶಿಂಗ್ ಅಂತ ಕರೆಯೋ ಕಾಯಿಲೆ ಅನುಮಾನ ಬರುತ್ತೆ, ಹದಿನೈದು ದಾಟಿದ ಕುದುರೆಗಳಲ್ಲಿ ಹೆಚ್ಚಾಗಿ ಕಾಣೋದು. ಮಿದುಳಿನ ಕೆಳಗಿರೋ ಪಿಟ್ಯುಟರಿ ಗ್ರಂಥಿ ಹತೋಟಿ ತಪ್ಪಿ ಹಾರ್ಮೋನು ಜಾಸ್ತಿ ಬಿಡುತ್ತೆ, ಮೈಯಲ್ಲಿರೋ ಮಾಂಸಖಂಡ ಕರಗುತ್ತೆ, ಹೊಟ್ಟೆ ಜೋಲುತ್ತೆ. ಅದಕ್ಕೇ ಹೊಟ್ಟೆ ನೋಡಿ ಅಂದಾಜು ಮಾಡ್ಬೇಡಿ, ಕೈಯಿಂದ ಬೆನ್ನುಮೂಳೆ ಎರಡು ಕಡೆ, ಭುಜದ ಹಿಂದೆ, ಬಾಲದ ಬುಡ ಒತ್ತಿ ನೋಡಿ, ಅಲ್ಲಿ ಹಳ್ಳ ಬಿದ್ದಿದ್ರೆ ಕುದುರೆ ಸೊರಗಿದೆ ಅಂತಲೇ ಲೆಕ್ಕ. ಕುದುರೆ ಮೈಕಟ್ಟಿಗೆ 1 ರಿಂದ 9 ರ ತನಕ ಅಂಕ ಕೊಡೋ ಹೆನೆಕೆ ಪದ್ಧತಿ ಅಂತ 1983ರಲ್ಲಿ ಬಂತು, ಡಾಕ್ಟ್ರುಗಳು ಇವತ್ತಿಗೂ ಅದನ್ನೇ ಬಳಸೋದು, ಅದರಲ್ಲೂ ಕತ್ತು, ಹೆಗಲು, ಪಕ್ಕೆ, ಸೊಂಟ ಹಿಂಗೆ ಜಾಗ ಜಾಗ ಮುಟ್ಟೇ ನೋಡ್ತಾರೆ. 5 ಇದ್ರೆ ಹದ, 3 ಕ್ಕಿಂತ ಕೆಳಗೆ ಹೋದ್ರೆ ಯೋಚನೆ ಮಾಡ್ಬೇಕು.

ಈ ಕಾಯಿಲೆ ಇರೋ ಕುದುರೆಗೆ ಸಕ್ಕರೆ ಅಂಶ ಯಾಕೆ ಅಷ್ಟು ಕೆಟ್ಟದ್ದು ಅಂದ್ರೆ ಗೊರಸಿನ ಒಳಗೆ ಬಾವು ಬರುತ್ತೆ, ಗೊರಸನ್ನ ಒಳಗಿನ ಮೂಳೆಗೆ ಹಿಡಿದಿಟ್ಟಿರೋ ಪದರ ಬಿಟ್ಕೊಳ್ಳೋಕೆ ಶುರು ಮಾಡುತ್ತೆ, ಆ ನೋವು ಅಷ್ಟಿಷ್ಟಲ್ಲ. ಮುಂಗಾಲ ಮೇಲೆ ಭಾರ ಹಾಕದೆ ಹಿಂದಕ್ಕೆ ವಾಲಿ ನಿಲ್ಲುತ್ತಾ, ತಿರುಗೋವಾಗ ಹೆಜ್ಜೆ ಕಿತ್ತಿಡೋಕೆ ಹಿಂಜರಿಯುತ್ತಾ, ಗೊರಸು ಮುಟ್ಟಿದ್ರೆ ಬಿಸಿ ಇದ್ಯಾ ನೋಡಿ, ಇದ್ರೆ ಅವತ್ತೇ ಗಾಡಿ ಬಿಚ್ಚಿ. ಎಸಿಟಿಎಚ್ ಅನ್ನೋ ಹಾರ್ಮೋನಿನ ರಕ್ತ ಪರೀಕ್ಷೆಯಿಂದ ಕಾಯಿಲೆ ಗೊತ್ತಾಗುತ್ತೆ, ಪೆರ್ಗೊಲೈಡ್ ಅಂತ ಮಾತ್ರೆ ಇದೆ, ಮನುಷ್ಯರ ಪಾರ್ಕಿನ್ಸನ್ ಕಾಯಿಲೆಗೆ ಅಂತ ಬಂದಿದ್ದು, ಕುದುರೆಗೆ ಜೀವನಪೂರ್ತಿ ಕೊಡ್ಬೇಕು. ಗುಣ ಆಗಲ್ಲ, ಹತೋಟಿಗೆ ಬರುತ್ತೆ. ಮೇವಲ್ಲಿ ಬೆಲ್ಲ, ಕಬ್ಬು, ಬಾಳೆಹಣ್ಣು, ಮೆಕ್ಕೆಜೋಳ ಬೇಡ, ಹುಲ್ಲು ಮತ್ತು ಕುದುರೆ ಮೆಂತೆ ಮೇಲೇ ನಿಲ್ಲಿಸಿ, ಶಕ್ತಿ ಬೇಕಾದ್ರೆ ಎಣ್ಣೆ, ಅದರ ಲೆಕ್ಕ ಕೆಳಗೆ ಇನ್ನೊಬ್ಬರಿಗೆ ಹೇಳಿದೀನಿ. ಉದ್ದ ಕೂದಲು ಕತ್ತರಿಸಿಬಿಡಿ, ಪಾಪ ಸೆಕೆ ತಡೆಯೋಕಾಗಲ್ಲ ಅದಕ್ಕೆ.

ದಸರಾ ವಿಚಾರ ನೇರವಾಗೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಸೀಸನ್ನಲ್ಲಿ ನಾಲ್ಕು ಕಾಸು ನೋಡೋ ಕಾಲ ಅದು ಅಂತ ನನಗೂ ಗೊತ್ತು. ಆದ್ರೆ ಪರೀಕ್ಷೆ ರಿಸಲ್ಟ್ ಬಂದು ಗೊರಸು ಸರಿಯಿದೆ ಅಂತ ಡಾಕ್ಟ್ರು ಹೇಳೋ ತನಕ ಇದನ್ನ ಗಾಡಿಗೆ ಕಟ್ಟೋದು ಬೇಡ, ಇನ್ನೊಂದು ಕುದುರೆ ಬಾಡಿಗೆಗೆ ಸಿಗುತ್ತಾ ನೋಡಿ. ಆರೋಗ್ಯವಾಗಿರೋ ಕುದುರೆಗೇ 1965ರ ಕೇಂದ್ರದ ನಿಯಮ ಇದೆ, ದಿನಕ್ಕೆ ಒಟ್ಟು 9 ಗಂಟೆ ಮೇಲೆ ದುಡಿಸೋ ಹಂಗಿಲ್ಲ, ಬಿಡುವಿಲ್ದೆ 5 ಗಂಟೆ ಮೇಲೆ ಇಲ್ಲ, ಬಿಸಿಲು 37 ಡಿಗ್ರಿ ದಾಟೋ ಜಾಗದಲ್ಲಿ ಮಧ್ಯಾಹ್ನ 12 ರಿಂದ 3 ರ ತನಕ ಗಾಡಿ ಕಟ್ಟೋ ಹಂಗಿಲ್ಲ. ಹದಿನೆಂಟು ವರ್ಷದ ಕಾಯಿಲೆ ಕುದುರೆಗೆ ಅದೂ ಜಾಸ್ತಿನೇ.

ಪ್ರಶ್ನೆ: ನಮ್ಮನೇಲಿ ಹಸುಗಳಿಗೆ ಫೀಡ್ ಮೂಟೆ ತರ್ತೀವಿ, ಪಕ್ಕದಲ್ಲೇ ಕೋಳಿ ಫಾರಂ ಇದೆ ಅಲ್ಲೂ ಫೀಡ್ ಅಗ್ಗಕ್ಕೆ ಸಿಗುತ್ತೆ. ಮದುವೆ ಮೆರವಣಿಗೆಗೆ ಸಾಕಿರೋ ಕುದುರೆ ವಯಸ್ಸಾಗಿ ಇಳ್ದು ಹೋಗಿದೆ, ಅದಕ್ಕೂ ಅದನ್ನೇ ಹಾಕ್ಬೋದಾ? ಸೀಮೆಹುಲ್ಲು ಬೇಕಾದಷ್ಟು ಬೆಳ್ದಿದೀವಿ.
— ಓದುಗರೊಬ್ಬರು, ಮದ್ದೂರು

ಉತ್ತರ: ಕೋಳಿ ಫೀಡ್ ಹತ್ರ ಕುದುರೆ ಮೂತಿನೂ ಹೋಗ್ಬಾರ್ದು. ಕೋಳಿಗೆ ರಕ್ತಭೇದಿ ಬರದೇ ಇರ್ಲಿ ಅಂತ ಮೊನೆನ್ಸಿನ್, ಸಲಿನೊಮೈಸಿನ್ ಥರದ ಔಷಧಿ ಸೇರಿಸಿರ್ತಾರೆ, ಕೋಳಿಗೆ ಅದು ಏನೂ ಮಾಡಲ್ಲ, ಕುದುರೆಗೆ ವಿಷ, ಸ್ವಲ್ಪ ಪ್ರಮಾಣಕ್ಕೇ ಹೃದಯದ ಸ್ನಾಯು ಕೆಟ್ಟು ನಿಂತಲ್ಲೇ ಬೀಳುತ್ತೆ, ಇದಕ್ಕೆ ಮದ್ದಿಲ್ಲ. ದನದ ಫೀಡಲ್ಲೂ ಕೆಲವು ಕಡೆ ಮೊನೆನ್ಸಿನ್ ಹಾಕ್ತಾರೆ, ಯೂರಿಯಾನೂ ಇರ್ಬೋದು, ಅದು ಹಸು ಹೊಟ್ಟೆಗೆ ಪ್ರೋಟೀನ್ ಆಗುತ್ತೆ, ಕುದುರೆಗೆ ಉಪಯೋಗಕ್ಕಿಲ್ಲ. ಮೂಟೆ ಮೇಲೆ ಬರೆದಿರೋದ್ರಲ್ಲಿ ಎಲ್ಲಾ ಹೇಳಿರಲ್ಲ, ಅದಕ್ಕೆ ಕುದುರೆಗೆ ಅಂತಲೇ ಮಾಡಿದ ಫೀಡ್ ತನ್ನಿ, ಇಲ್ಲಾಂದ್ರೆ ಮೇಲೆ ಶ್ರೀರಂಗಪಟ್ಟಣದವರಿಗೆ ಹೇಳಿದ ಕಲಸನ್ನ ಮನೇಲೇ ಮಾಡಿ. ಹಸು ಕೊಟ್ಟಿಗೇಲೇ ಕುದುರೆ ಕಟ್ತೀರಾದ್ರೆ ಹಸು ಗೋದಲಿಗೆ ಮೂತಿ ಹಾಕದಂಗೆ ದೂರ ಕಟ್ಟಿ.

ಸೀಮೆಹುಲ್ಲು ಸ್ವಲ್ಪ ಬೆರೆಸಿ ಕೊಟ್ರೆ ತೊಂದ್ರೆ ಇಲ್ಲ, ಅದೊಂದನ್ನೇ ತಿಂಗಳುಗಟ್ಲೆ ಹಾಕಿದ್ರೆ ಅದರಲ್ಲಿರೋ ಆಕ್ಸಲೇಟ್ ಕ್ಯಾಲ್ಸಿಯಂ ಕಟ್ಟಿಹಾಕಿಬಿಡುತ್ತೆ, ಅದರ ಮೇಲೆ ಗೋಧಿ ಬೂಸಾನೂ ಧಾರಾಳವಾಗಿ ಹಾಕ್ತಿದ್ರೆ ಕುದುರೆ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆಯುತ್ತೆ, ದವಡೆ ಮೂಳೆ ಊದಿ ಮುಖ ದಪ್ಪ ಕಾಣುತ್ತೆ, ಕುಂಟುತ್ತೆ, ಅಗಿಯೋಕೆ ಆಗದೆ ಇನ್ನೂ ಇಳೀತದೆ. ಹಸುಗೆ ಹಂಗಾಗಲ್ಲ ಅಂತ ಕೇಳ್ಬೋದು, ಹಸು ಮೆಲುಕು ಹಾಕೋ ಹೊಟ್ಟೇಲಿರೋ ಸೂಕ್ಷ್ಮಜೀವಿಗಳು ಆಕ್ಸಲೇಟನ್ನ ಮೊದಲೇ ಒಡೆದು ಹಾಕ್ತವೆ. ಬದು ಮೇಲೆ ನಾಲ್ಕು ಗುಂಟೆ ಕುದುರೆ ಮೆಂತೆ ಹಾಕಿ ನೋಡಿ, ಒಂದ್ಸಲ ಬಿತ್ತಿದ್ರೆ ಎಷ್ಟೋ ಕಟಾವು ಬರುತ್ತೆ, ಮಿಕ್ಕಿದ್ದು ಹಸುಗೂ ಆಗುತ್ತೆ.

ಪ್ರಶ್ನೆ: ನಮಸ್ತೆ ಡಾಕ್ಟರ್. ಮೈಸೂರು ಹೊರವಲಯದಲ್ಲಿ ನಮ್ಮದು ಚಿಕ್ಕ ತೋಟ. ರೇಸ್ ಬಿಟ್ಟ ಮೇಲೆ ತಂದ 19 ವರ್ಷದ ಥರೋಬ್ರೆಡ್ ಗಂಡು ಒಂದು, 7 ವರ್ಷದ ಇನ್ನೊಂದು, ಎರಡೂ ಒಟ್ಟಿಗೆ ಬಿಟ್ಟಿರ್ತೀವಿ. ಹಲ್ಲು ಈಗ ತಾನೇ ತೋರಿಸಿದ್ವಿ, ಚೆನ್ನಾಗಿದೆ ಅಂದ್ರು, ರಕ್ತ, ಲದ್ದಿ ಪರೀಕ್ಷೆನೂ ಸರಿ ಇದೆ. ಆದ್ರೂ ಮಳೆಗಾಲ ಶುರುವಾದಾಗಿಂದ ದೊಡ್ಡದು ಇಳೀತಿದೆ, ಬೆಳಿಗ್ಗೆ ಎದ್ದು ನಡೆಯೋಕೆ ಸ್ವಲ್ಪ ಬಿಗಿ. ಎಣ್ಣೆ ಕೊಡಿ ಅಂತ ಕೆಲವರು, ತುಪ್ಪ ಕೊಡಿ ಅಂತ ಕೆಲವರು. ತೂಕ ನೋಡೋಕೂ ನಮ್ಮಲ್ಲಿ ತಕ್ಕಡಿ ಇಲ್ಲ.
— ಓದುಗರೊಬ್ಬರು, ಮೈಸೂರು

ಉತ್ತರ: ಪರೀಕ್ಷೆ ಎಲ್ಲ ಮೊದಲೇ ಮಾಡಿಸಿದ್ದು ಒಳ್ಳೇ ಕೆಲಸ ಮೇಡಂ, ಅರ್ಧ ದಾರಿ ಸಾಗಿದೀರ. ಈಗ ಒಂದು ಕೆಲಸ ಮಾಡಿ, ಮೇವು ಹಾಕಿ ನೀವು ಹೊರಟು ಹೋಗ್ಬೇಡಿ, ಒಂದು ಗಂಟೆ ದೂರದಲ್ಲಿ ಕೂತು ನೋಡಿ. ಚಿಕ್ಕದು ಕಿವಿ ಹಿಂದಕ್ಕೆ ಒತ್ತಿ ಒಂದ್ಸಲ ತಲೆ ಬೀಸಿದ್ರೆ ಸಾಕು, ವಯಸ್ಸಾದದ್ದು ಬಕೆಟ್ ಬಿಟ್ಟು ಹೋಗಿ ನಿಂತ್ಕೊಳುತ್ತೆ, ಕಚ್ಚೋದು ಒದೆಯೋದು ನಡೆಯಲೇಬೇಕು ಅಂತಿಲ್ಲ, ಹಂಗಾಗಿ ಮನೆಯೋರ ಕಣ್ಣಿಗೆ ಬೀಳಲ್ಲ. ಇಬ್ಬರಿಗೂ ಲೆಕ್ಕ ಹಾಕಿ ಹಾಕಿದ ಮೇವೆಲ್ಲ ಒಂದೇ ಹೊಟ್ಟೆಗೆ ಹೋಗಿರುತ್ತೆ. ತಿನ್ನೋ ಹೊತ್ತಲ್ಲಿ ಬೇಲಿ ಅಡ್ಡ ಇರೋ ಹಂಗೆ ಬೇರೆ ಬೇರೆ ಕಟ್ಟಿ, ದೊಡ್ಡದು ನಿಧಾನಕ್ಕೆ ತಿಂತದೆ, ಅದಕ್ಕೆ ಎರಡು ಗಂಟೆ ಬಿಡಿ. ಪೂರ್ತಿ ಒಂಟಿ ಮಾಡ್ಬೇಡಿ ಆದ್ರೆ, ಜೊತೆ ಕಾಣದೆ ಇದ್ರೆ ಅದೇ ಕೊರಗಲ್ಲಿ ಮೇವು ಬಿಡೋ ಕುದುರೆಗಳೂ ಇವೆ.

ಬೆಳಗಿನ ಬಿಗಿ ಕೀಲುನೋವು. ನೋವಿರೋ ಕುದುರೆ ನೀರಿನ ತೊಟ್ಟಿ ತನಕ, ಹುಲ್ಲಿರೋ ಕಡೆ ತನಕ ನಡೆಯೋಕೆ ಬೇಜಾರು ಮಾಡ್ಕೊಳುತ್ತೆ, ತಲೆ ಬಗ್ಗಿಸೋಕೂ ಕಷ್ಟ ಪಡುತ್ತೆ. ನೀರು ಮೇವು ಹತ್ರ ಹತ್ರ ಇಡಿ, ಮಲಗೋಕೆ ಒಣ ಜಾಗ ಮಾಡಿ, ದಿನಾ ಸ್ವಲ್ಪ ನಡೆಸಿ, ಕಟ್ಟಿ ಹಾಕಿದಷ್ಟೂ ಬಿಗಿ ಜಾಸ್ತಿ. ನೋವಿನ ಪುಡಿ ಡಾಕ್ಟ್ರು ಹೇಳಿದಷ್ಟೇ ಕೊಡಿ, ಜಾಸ್ತಿ ದಿನ ಕೊಟ್ರೆ ಹೊಟ್ಟೇಲಿ ಹುಣ್ಣಾಗುತ್ತೆ. ಮಳೇಲಿ ನೆಂದು ನಿಂತ್ರೆ ಮೈ ಬೆಚ್ಚಗಿಡೋಕೇ ತಿಂದದ್ದು ಖರ್ಚಾಗುತ್ತೆ, ಥರೋಬ್ರೆಡ್ ಚರ್ಮ ತೆಳ್ಳಗೆ ಬೇರೆ, ಮೂರು ಕಡೆ ಗೋಡೆ ಒಂದು ತಗಡು ಹಾಕಿದ್ರೆ ಅದರ ಕೆಲಸ ಒಂದು ಮೂಟೆ ಫೀಡಿಗಿಂತ ಜಾಸ್ತಿ.

ಎಣ್ಣೆ ಕೊಡಿ, ತುಪ್ಪ ನೀವು ತಿನ್ನಿ. ಕುದುರೆಗೆ ಪಿತ್ತಕೋಶ ಇಲ್ಲ, ಪಿತ್ತರಸ ಸದಾ ಸುರೀತಾನೇ ಇರುತ್ತೆ, ಆದ್ರೂ ಗಿಡದ ಎಣ್ಣೆ ಚೆನ್ನಾಗಿ ಜೀರ್ಣ ಮಾಡ್ಕೊಳುತ್ತೆ, ನಿಧಾನಕ್ಕೆ ಅಭ್ಯಾಸ ಮಾಡ್ಬೇಕು ಅಷ್ಟೇ. ಸೂರ್ಯಕಾಂತಿ, ಸೋಯಾ, ಅಕ್ಕಿ ತೌಡಿನೆಣ್ಣೆ ಯಾವುದಾದ್ರೂ ಆಗುತ್ತೆ, ಕರಿದು ಮಿಕ್ಕಿದ್ದು ಬೇಡ. ದಿನಕ್ಕೆ 50 ಎಂಎಲ್ ಇಂದ ಶುರು ಮಾಡಿ ನಾಲ್ಕೈದು ದಿನಕ್ಕೊಂದ್ಸಲ 50 ಏರಿಸ್ತಾ ಮೂರು ವಾರಕ್ಕೆ 250 ಎಂಎಲ್ ತನಕ ಹೋಗಿ, ಎರಡು ಹೊತ್ತಿಗೆ ಹಂಚಿ. ಲದ್ದಿ ಜಿಡ್ಡಾಗಿ ಸಡಿಲ ಆದ್ರೆ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. 250 ಎಂಎಲ್ ಎಣ್ಣೆ ಅಂದ್ರೆ 600-700 ಗ್ರಾಂ ಧಾನ್ಯದಷ್ಟು ಶಕ್ತಿ, ಪಿಷ್ಟದ ಕಾಟ ಇಲ್ಲದೆ. ಎಣ್ಣೆ ಕೊಡೋವಾಗ ವಿಟಮಿನ್ ಇ ಜಾಸ್ತಿ ಬೇಕಾಗುತ್ತೆ, ಹಸಿ ಹುಲ್ಲು ಚೆನ್ನಾಗಿ ಸಿಗ್ತಿದ್ರೆ ಸಾಕು, ಬರೀ ಒಣಹುಲ್ಲಾದ್ರೆ ಡಾಕ್ಟ್ರನ್ನ ಕೇಳಿ ಸೇರಿಸಿ. ಎಣ್ಣೇಲಿ ಪ್ರೋಟೀನ್ ಇಲ್ಲ ಅನ್ನೋದು ಮರೀಬೇಡಿ, ಕೊಬ್ಬು ಏರುತ್ತೆ, ಬೆನ್ನಿನ ಮಾಂಸಖಂಡ ತುಂಬೋಕೆ ಕುದುರೆ ಮೆಂತೆನೋ ಸೋಯಾನೋ ಬೇಕೇ ಬೇಕು.

ತೂಕಕ್ಕೆ ಟೈಲರ್ ಟೇಪ್ ಸಾಕು. ಮುಂಗಾಲಿನ ಮೊಣಕೈ ಹಿಂದೆ ಎದೆ ಸುತ್ತಳತೆ ತಗೊಳಿ, ಭುಜದ ಮುಂದಿನ ಮೂಳೆಯಿಂದ ಪೃಷ್ಠದ ಹಿಂದಿನ ಮೂಳೆ ತನಕ ಉದ್ದ ತಗೊಳಿ, ಎರಡೂ ಸೆಂಟಿಮೀಟರಲ್ಲಿ. ಸುತ್ತಳತೇನ ಅದರಿಂದಲೇ ಗುಣಿಸಿ, ಬಂದಿದ್ದನ್ನ ಉದ್ದದಿಂದ ಗುಣಿಸಿ, 11,880 ರಿಂದ ಭಾಗಿಸಿ. ಸುತ್ತಳತೆ 178, ಉದ್ದ 160 ಇದ್ರೆ ಸುಮಾರು 427 ಕೆಜಿ ಬರುತ್ತೆ. ನಿಖರ ಅಲ್ಲ, ಆದ್ರೆ ಹದಿನೈದು ದಿನಕ್ಕೊಂದ್ಸಲ ಒಬ್ಬರೇ ಅಳೆದು ಬರೆದಿಟ್ರೆ ಏರ್ತಿದೆಯೋ ಇಳೀತಿದೆಯೋ ಚೆನ್ನಾಗಿ ಗೊತ್ತಾಗುತ್ತೆ, ದಿನಾ ನೋಡೋ ಕಣ್ಣಿಗೆ ಅದು ಗೊತ್ತಾಗಲ್ಲ. ಥರೋಬ್ರೆಡ್‌ಗೆ ಪಕ್ಕೆ ಚೂರು ಕಂಡ್ರೆ ಗಾಬರಿ ಬೇಡ, ಆ ಜಾತಿನೇ ಹಂಗೆ, ಸೊಂಟದ ಮೇಲೆ ಹಳ್ಳ ಬೀಳ್ತಿದ್ರೆ ಯೋಚನೆ ಮಾಡಿ.

ಪ್ರಶ್ನೆ: ಹಲ್ಲು ನೋಡಿ ಕುದುರೆ ವಯಸ್ಸು ಹೇಳ್ಬೋದಂತೆ, ಹೌದಾ? 12 ವರ್ಷ ಅಂತ ಹೇಳಿ ನಮಗೊಂದು ಮಾರ್ತಿದಾರೆ, ನೋಡಿದ್ರೆ ಬಡಕಲಾಗಿದೆ, ಮೂಗಲ್ಲಿ ಸಿಂಬಳನೂ ಇದೆ.
— ಓದುಗರೊಬ್ಬರು, ಮಳವಳ್ಳಿ

ಉತ್ತರ: ಅಂದಾಜಿಗೆ ಹೇಳ್ಬೋದು. ಮೇಲಿನ ಸಾಲಿನ ಮುಂದಿನ ಹಲ್ಲುಗಳಲ್ಲಿ ಕೊನೇದು ಇರುತ್ತಲ್ಲ, ಅದರ ಹೊರಮೈ ಮೇಲೆ ಕಂದು ಗೆರೆ ಥರ ಒಂದು ತೋಡು ಹತ್ತನೇ ವರ್ಷದ ಹೊತ್ತಿಗೆ ವಸಡಿನ ಹತ್ರ ಕಾಣಿಸ್ಕೊಳುತ್ತೆ, ಹದಿನೈದಕ್ಕೆ ಅರ್ಧ ಹಲ್ಲು ಇಳಿದಿರುತ್ತೆ, ಇಪ್ಪತ್ತಕ್ಕೆ ತುದಿ ಮುಟ್ಟುತ್ತೆ, ಆಮೇಲೆ ಮೇಲಿಂದ ಅಳಿಸ್ತಾ ಬಂದು ಮೂವತ್ತಕ್ಕೆ ಪೂರ್ತಿ ಹೋಗುತ್ತೆ. ಹನ್ನೆರಡು ಅಂದ ಕುದುರೆಗೆ ತೋಡು ತುದಿ ತನಕ ಇದ್ರೆ ಮಾರೋರನ್ನ ಇನ್ನೊಂದ್ಸಲ ಕೇಳಿ. ಆದ್ರೆ ಎಲ್ಲಾ ಕುದುರೆಲೂ ಇದು ಸರಿಯಾಗಿ ಬರಲ್ಲ, ಎರಡು ಮೂರು ವರ್ಷ ಆಚೆ ಈಚೆ ಇದ್ದೇ ಇರುತ್ತೆ, ತಿನ್ನೋ ಮೇವಿನ ಮೇಲೂ ಹೋಗುತ್ತೆ.

ವಯಸ್ಸಿಗಿಂತ ಆ ಸಿಂಬಳ ನನಗೆ ಸರಿ ಅನ್ನಿಸ್ತಿಲ್ಲ. ಸೊರಗಿರೋದು, ಗಟ್ಟಿ ಹಳದಿ ಸಿಂಬಳ, ಹಿಂಗಾಲ ಒಳಗಡೆ ಸಾಲಾಗಿ ಗಂಟು ಬಂದು ಒಡೆದ ಹುಣ್ಣು, ಇವು ಒಟ್ಟಿಗೆ ಇದ್ರೆ ಗ್ಲಾಂಡರ್ಸ್ ಇರ್ಬೋದು. ಮನುಷ್ಯರಿಗೂ ಹರಡೋ ಕಾಯಿಲೆ ಅದು, 2009ರ ಪ್ರಾಣಿ ಸಾಂಕ್ರಾಮಿಕ ರೋಗ ಕಾಯ್ದೆ ಪ್ರಕಾರ ಅನುಮಾನ ಬಂದ್ರೂ ಪಶುಸಂಗೋಪನಾ ಇಲಾಖೆಗೆ ತಿಳಿಸ್ಲೇಬೇಕು. ಬರೀ ಗಂಟಲು ಸೋಂಕೋ, ಹಲ್ಲಿನ ಬೇರಿಗೆ ಕೀವಾಗಿರೋದೋ ಇರ್ಬೋದು, ಆದ್ರೆ ಅದನ್ನ ಹೇಳ್ಬೇಕಾದ್ದು ರಕ್ತ ಪರೀಕ್ಷೆ, ಮಾರೋರಲ್ಲ. ಪಶು ಸಹಾಯವಾಣಿ 1962 ಗೆ ಫೋನ್ ಮಾಡಿ, ರಿಪೋರ್ಟ್ ಕೈಗೆ ಬರೋ ತನಕ ಅಡ್ವಾನ್ಸ್ ಕೊಡ್ಬೇಡಿ, ಆ ಕುದುರೆ ಮೂತಿ ಮುಟ್ಟಿದ್ರೆ ಕೈ ಸೋಪ್ ಹಾಕಿ ತೊಳ್ಕೊಳಿ, ಮಕ್ಕಳನ್ನ ನೋಡೋಕೆ ಅಂತ ಕರ್ಕೊಂಡು ಹೋಗ್ಬೇಡಿ.